ಸಿಲಿಕಾನ್ ವ್ಯಾಲಿ ಹಿಂದಿದ್ದ ಮೇಷ್ಟ್ರು: ಒಳ್ಳೆಯ ಪ್ರಾಧ್ಯಾಪಕರನ್ನು ಹುಡುಕಿ ಹುಡುಕಿ ತಂದ ಫ್ರೆಡ್ ಟರ್ಮನ್

ಸಿಲಿಕಾನ್ ವ್ಯಾಲಿ ಎಂದ ಕೂಡಲೇ ನಮಗೆ ನೆನಪಾಗುವುದು ಕಂಪನಿಗಳು. ಎಚ್‌ಪಿ, ಇಂಟೆಲ್, ಆ್ಯಪಲ್, ಗೂಗಲ್. ಅವುಗಳನ್ನು ಕಟ್ಟಿದವರ ಕಥೆಗಳು, ಗ್ಯಾರೇಜಿನಲ್ಲಿ ಶುರುವಾದ ಸಾಹಸಗಳು ಎಲ್ಲರಿಗೂ ಬಾಯಿಪಾಠ. ಬೆಂಗಳೂರನ್ನು ಭಾರತದ ಸಿಲಿಕಾನ್ ವ್ಯಾಲಿ ಎಂದು ಕರೆದು ಕರೆದು ಆ ಹೆಸರು ನಮ್ಮ ಮನೆಮಾತೇ ಆಗಿಬಿಟ್ಟಿದೆ.

ಆದರೆ ಆ ಕಂಪನಿಗಳು ಹುಟ್ಟುವ ಮೊದಲು ಅಲ್ಲಿ ಹಣ್ಣಿನ ತೋಟಗಳ ನಡುವೆ ಒಂದು ವಿಶ್ವವಿದ್ಯಾಲಯವಿತ್ತು. ಜಾಗ ಬೇಕಾದಷ್ಟಿತ್ತು, ದುಡ್ಡು ಅಷ್ಟಕ್ಕಷ್ಟೇ. ಇಂಜಿನಿಯರಿಂಗ್ ಓದಿದ ಹುಡುಗರು ಪದವಿ ಕೈಗೆ ಬಂದ ಕೂಡಲೇ ಕೆಲಸ ಹುಡುಕಿಕೊಂಡು ಅಮೆರಿಕದ ಇನ್ನೊಂದು ತುದಿಗೆ ರೈಲು ಹತ್ತುತ್ತಿದ್ದರು. ಆ ವಿಶ್ವವಿದ್ಯಾಲಯವೇ ಸ್ಟ್ಯಾನ್‌ಫರ್ಡ್. ಅದನ್ನು ಇಂದಿನ ಸ್ಟ್ಯಾನ್‌ಫರ್ಡ್ ಮಾಡಿದವರಲ್ಲಿ ಮುಖ್ಯರು ಫ್ರೆಡರಿಕ್ ಟರ್ಮನ್ ಎಂಬ ರೇಡಿಯೋ ಮೇಷ್ಟ್ರು. ಕಟ್ಟಡ, ಯಂತ್ರ ಎಲ್ಲ ಆಮೇಲೆ, ಮೊದಲು ಸರಿಯಾದ ಮೇಷ್ಟ್ರುಗಳು ಬರಬೇಕು ಎನ್ನುವುದು ಅವರ ನಂಬಿಕೆ. ಬದುಕಿನ ಬಹುಪಾಲನ್ನು ಅಂಥವರನ್ನು ಹುಡುಕುವುದರಲ್ಲೇ ಕಳೆದರು. ಆ ಹುಡುಕಾಟದಲ್ಲಿ ಅವರು ಗೆದ್ದದ್ದೂ ಉಂಟು, ಎಡವಿದ್ದೂ ಉಂಟು.

ಕ್ಯಾಂಪಸ್‌ನಲ್ಲೇ ಬೆಳೆದ ಹುಡುಗ

ಟರ್ಮನ್ ಹುಟ್ಟಿದ್ದು 1900ರ ಜೂನ್ 7ರಂದು, ಇಂಡಿಯಾನಾ ರಾಜ್ಯದ ಇಂಗ್ಲಿಷ್ ಎಂಬ ಪುಟ್ಟ ಊರಿನಲ್ಲಿ. ತಂದೆ ಲೂಯಿಸ್ ಟರ್ಮನ್ ಮನಶ್ಶಾಸ್ತ್ರಜ್ಞ. ಕ್ಷಯದಿಂದ ಬಳಲಿದ್ದ ಅವರು ಒಳ್ಳೆಯ ಹವೆ ಹುಡುಕಿಕೊಂಡು ಸಂಸಾರ ಸಮೇತ ಕ್ಯಾಲಿಫೋರ್ನಿಯಾಗೆ ಬಂದರು. 1910ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕೆಲಸ ಸಿಕ್ಕಿತು.

ಮಕ್ಕಳ ಬುದ್ಧಿಶಕ್ತಿಯನ್ನು ಅಂಕಿಯಲ್ಲಿ ಅಳೆಯುವ ಸ್ಟ್ಯಾನ್‌ಫರ್ಡ್-ಬಿನೆ ಐಕ್ಯೂ ಪರೀಕ್ಷೆಯನ್ನು 1916ರಲ್ಲಿ ರೂಪಿಸಿದ್ದು ಇದೇ ಲೂಯಿಸ್ ಟರ್ಮನ್. ಅತಿ ಬುದ್ಧಿವಂತ ಮಕ್ಕಳನ್ನು ಆರಿಸಿ, ಅವರು ದೊಡ್ಡವರಾಗಿ ಏನಾಗುತ್ತಾರೆ ಎಂದು ದಶಕಗಟ್ಟಲೆ ಹಿಂಬಾಲಿಸುವ ದೊಡ್ಡ ಅಧ್ಯಯನವನ್ನೂ ಅವರು ಶುರು ಮಾಡಿದರು. ಪ್ರತಿಭೆಯನ್ನು ಅಳೆಯಬಹುದು, ಅಳೆದು ಆರಿಸಬಹುದು ಎಂಬ ಮಾತು ಆ ಮನೆಯ ಗಾಳಿಯಲ್ಲೇ ಇತ್ತು. ಈ ಸಂಗತಿ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಹುಡುಗ ಫ್ರೆಡ್‌ಗೆ ಹಿಡಿದಿದ್ದು ರೇಡಿಯೋ ಹುಚ್ಚು. ಸ್ಟ್ಯಾನ್‌ಫರ್ಡ್‌ನಲ್ಲೇ ಓದಿ, 1924ರಲ್ಲಿ ಬಾಸ್ಟನ್ ಬಳಿಯ ಎಂಐಟಿಯಲ್ಲಿ ಡಾಕ್ಟರೇಟ್ ಮುಗಿಸಿದರು. ಮಾರ್ಗದರ್ಶಕರು ವ್ಯಾನೆವರ್ ಬುಷ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಜ್ಞಾನ ಸಂಶೋಧನೆಯ ಹೊಣೆ ಹೊತ್ತವರು ಇವರೇ. ಎಂಐಟಿಯಲ್ಲೇ ಪಾಠ ಮಾಡುವ ಕೆಲಸವೂ ಟರ್ಮನ್‌ಗೆ ಸಿದ್ಧವಾಗಿತ್ತು.

ಆ ಬೇಸಿಗೆ ರಜೆಗೆಂದು ಊರಿಗೆ ಬಂದವರಿಗೆ ಕ್ಷಯ ಬಡಿಯಿತು. ಸುಮಾರು ಒಂದು ವರ್ಷ ಹಾಸಿಗೆ. ಎದೆ ಹೆಚ್ಚು ಅಲುಗಾಡದಿರಲೆಂದು ಮೇಲೆ ಮರಳಿನ ಚೀಲ ಹೇರಿ ಮಲಗಿಸಿದ್ದರು. ಬಾಸ್ಟನ್‌ನ ಚಳಿಗೆ ಮರಳಿ ಹೋಗುವ ಮಾತೇ ಇರಲಿಲ್ಲ. 1925ರಲ್ಲಿ ಸ್ಟ್ಯಾನ್‌ಫರ್ಡ್ ಅವರಿಗೆ ಅರ್ಧ ಹೊತ್ತಿನ ಪಾಠದ ಕೆಲಸ ಕೊಟ್ಟಿತು. ದೊಡ್ಡ ಸಂಬಳ ಕೊಡಲಾಗದ ವಿಶ್ವವಿದ್ಯಾಲಯಕ್ಕೆ ತನ್ನ ಭವಿಷ್ಯ ಬದಲಿಸುವ ಮೇಷ್ಟ್ರು ಸಿಕ್ಕಿದ್ದು ಒಂದು ಕಾಯಿಲೆಯ ದೆಸೆಯಿಂದ!

ಪುಸ್ತಕ, ಶಿಷ್ಯರು, ಗ್ಯಾರೇಜು

ಚೇತರಿಸಿಕೊಂಡ ಟರ್ಮನ್ ಸುಮ್ಮನೆ ಕೂರಲಿಲ್ಲ. 1932ರಲ್ಲಿ ಅವರ ರೇಡಿಯೋ ಇಂಜಿನಿಯರಿಂಗ್ ಪಠ್ಯಪುಸ್ತಕ ಬಂತು. ಜಗತ್ತಿನ ಕಾಲೇಜುಗಳಲ್ಲೆಲ್ಲ ಅದೇ ಪಾಠವಾಯಿತು. ಭಾರತದಲ್ಲಿ ಟ್ರಾನ್ಸಿಸ್ಟರ್ ಕಾಲಕ್ಕೂ ಮುಂಚೆ ಇಂಜಿನಿಯರಿಂಗ್ ಓದಿದವರಿಗೆ ಟರ್ಮನ್ ಎಂದರೆ ಮೊದಲು ನೆನಪಾಗುವುದು ಆ ದಪ್ಪ ಪುಸ್ತಕವೇ.

1937ರಲ್ಲಿ ಅವರು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದರು. ಒಳ್ಳೆಯ ವಿದ್ಯಾರ್ಥಿಗಳೆಲ್ಲ ಪೂರ್ವ ಕರಾವಳಿಯ ದೊಡ್ಡ ಕಂಪನಿಗಳಿಗೆ ಹೋಗಿಬಿಡುತ್ತಾರಲ್ಲ ಎಂಬ ಕೊರಗು ಅವರಿಗಿತ್ತು. ಡೇವಿಡ್ ಪ್ಯಾಕರ್ಡ್ ಎಂಬ ಶಿಷ್ಯ ಹಾಗೆಯೇ ನ್ಯೂಯಾರ್ಕ್ ರಾಜ್ಯದ ಜನರಲ್ ಎಲೆಕ್ಟ್ರಿಕ್ ಸೇರಿದ್ದ. ಟರ್ಮನ್ ಫೆಲೋಶಿಪ್ ಹೊಂದಿಸಿ ಅವನನ್ನು 1938ರಲ್ಲಿ ವಾಪಸ್ ಕರೆಸಿದರು. ಅಲ್ಲೇ ಇದ್ದ ಇನ್ನೊಬ್ಬ ಶಿಷ್ಯ ಬಿಲ್ ಹ್ಯೂಲೆಟ್ ಜೊತೆ ಸೇರಿ ಸ್ವಂತದ್ದೇನಾದರೂ ಮಾಡಿ ಎಂದು ಹುರಿದುಂಬಿಸಿದರು. ಪಾಲೊ ಆಲ್ಟೊ ಊರಿನ ಒಂದು ಗ್ಯಾರೇಜಿನಲ್ಲಿ 1939ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ಹುಟ್ಟಿತು. ಬಂಡವಾಳ 538 ಡಾಲರ್. ಮೊದಲ ಉತ್ಪನ್ನವಾದ ಆಡಿಯೋ ಆಸಿಲೇಟರ್ ಹ್ಯೂಲೆಟ್ ಅವರ ವಿದ್ಯಾರ್ಥಿ ದಿನಗಳ ಸಂಶೋಧನೆಯ ಫಲ.

ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಒಬ್ಬಿಬ್ಬರು ಶಿಷ್ಯರಿಂದ ವಿಶ್ವವಿದ್ಯಾಲಯ ಮೇಲೇಳುವುದಿಲ್ಲ ಎಂಬುದು ಟರ್ಮನ್‌ಗೆ ಮನದಟ್ಟಾಗಿದ್ದು ಯುದ್ಧದ ಕಾಲದಲ್ಲಿ.

ಯುದ್ಧ ಕಲಿಸಿದ ಪಾಠ

1942ರಿಂದ ಟರ್ಮನ್ ಹಾರ್ವರ್ಡ್‌ನಲ್ಲಿ ರೇಡಿಯೋ ರಿಸರ್ಚ್ ಲ್ಯಾಬೊರೇಟರಿ ಎಂಬ ರಹಸ್ಯ ಪ್ರಯೋಗಾಲಯ ನಡೆಸಿದರು. ಶತ್ರುಗಳ ರಾಡಾರ್ ಕಣ್ಣಿಗೆ ಮಣ್ಣೆರಚುವುದು ಅದರ ಕೆಲಸ. 800ಕ್ಕೂ ಹೆಚ್ಚು ಮಂದಿ ಅಲ್ಲಿ ದುಡಿಯುತ್ತಿದ್ದರು. ಸರ್ಕಾರದ ಯುದ್ಧ ಸಂಶೋಧನೆಯ ಹಣ ಎಂಐಟಿ, ಹಾರ್ವರ್ಡ್, ಕ್ಯಾಲ್‌ಟೆಕ್‌ಗಳಿಗೆ ಹೊಳೆಯಂತೆ ಹರಿಯುವುದನ್ನು ಅವರು ಹತ್ತಿರದಿಂದ ಕಂಡರು. ತಮ್ಮ ಸ್ಟ್ಯಾನ್‌ಫರ್ಡ್ ಪಾಲಿಗೆ ಬಂದಿದ್ದು ಚಿಲ್ಲರೆ.

ಕಾರಣ ಸರಳವಾಗಿತ್ತು. ಹಣ ಹೋಗುವುದು ಕೆಲಸ ಮಾಡಬಲ್ಲ ಜನ ಇರುವ ಕಡೆಗೆ. ಯುದ್ಧ ಮುಗಿದ ಮೇಲಿನ ಕೆಲವೇ ವರ್ಷಗಳು ನಿರ್ಣಾಯಕ, ಆಗ ಎಚ್ಚೆತ್ತರೆ ಪಶ್ಚಿಮ ಕರಾವಳಿಯ ಹಾರ್ವರ್ಡ್ ಆಗಬಹುದು, ತಪ್ಪಿದರೆ ಸಾಧಾರಣ ಕಾಲೇಜಾಗಿಯೇ ಉಳಿಯಬೇಕು ಎಂದು 1943ರಲ್ಲೇ ಸ್ಟ್ಯಾನ್‌ಫರ್ಡ್‌ನ ಸಹೋದ್ಯೋಗಿಗೆ ಕಾಗದ ಬರೆದು ಎಚ್ಚರಿಸಿದ್ದರು.

ಯುದ್ಧ ಮುಗಿಯಿತು. ಟರ್ಮನ್ ಇಂಜಿನಿಯರಿಂಗ್ ಡೀನ್ ಆಗಿ ಮರಳಿದರು. ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಹಾರ್ವರ್ಡ್ ಪ್ರಯೋಗಾಲಯದಲ್ಲಿ ತಮ್ಮ ಜೊತೆ ಕೆಲಸ ಮಾಡಿದ್ದವರಲ್ಲಿ ಹಲವರನ್ನು ಕರೆದುಕೊಂಡೇ ಬಂದರು. ಅಲ್ಲಿಂದ ಶುರುವಾಯಿತು ಅವರ ನಿಜವಾದ ಕೆಲಸ.

ಗೋಪುರ ಕಟ್ಟುವ ಲೆಕ್ಕಾಚಾರ

ದೂರದಿಂದ ಬರುವವರಿಗೆ ಊರು ಗುರುತು ಸಿಗುವುದು ಗೋಪುರದಿಂದ. ಟರ್ಮನ್ ಅವರ ಸೂತ್ರವೂ ಇದೇ. ಅವರ ಮನಸ್ಸಿನಲ್ಲಿದ್ದದ್ದು ಚರ್ಚಿನ ಚೂಪು ಗೋಪುರ, ನಾವು ದೇವಸ್ಥಾನದ್ದು ಎಂದುಕೊಂಡರೂ ಅರ್ಥ ಕೆಡುವುದಿಲ್ಲ. ಇರುವ ಹಣವನ್ನು ಎಲ್ಲ ವಿಷಯಗಳಿಗೂ ಸಮನಾಗಿ ಹಂಚಿದರೆ ಎಲ್ಲದರಲ್ಲೂ ಸಾಧಾರಣ ಜನವೇ ತುಂಬಿಕೊಳ್ಳುತ್ತಾರೆ. ಅದರ ಬದಲು ಆಯ್ದ ಕೆಲವೇ ವಿಷಯಗಳಲ್ಲಿ ದೇಶಕ್ಕೇ ಮೇಲೆನಿಸುವವರನ್ನು ತರಬೇಕು. ಅವರ ಹೆಸರು ಕೇಳಿ ಒಳ್ಳೆಯ ವಿದ್ಯಾರ್ಥಿಗಳು ಬರುತ್ತಾರೆ, ವಿದ್ಯಾರ್ಥಿಗಳನ್ನು ನೋಡಿ ಇನ್ನಷ್ಟು ಒಳ್ಳೆಯ ಮೇಷ್ಟ್ರುಗಳು ಬರುತ್ತಾರೆ.

ವಿಷಯ ಆರಿಸುವುದರಲ್ಲೂ ಲೆಕ್ಕಾಚಾರವಿತ್ತು. ಈಗಾಗಲೇ ಬೇರೆಯವರು ಗೆದ್ದಿರುವ ವಿಷಯದಲ್ಲಿ ಪೈಪೋಟಿಗೆ ಇಳಿಯುವುದು ದುಬಾರಿ. ಇನ್ನೇನು ಬೆಳೆಯಲಿರುವ ವಿಷಯದಲ್ಲಿ ಮೊದಲೇ ಹೋಗಿ ಕೂರಬೇಕು. ಮೈಕ್ರೋವೇವ್, ಆಮೇಲೆ ಟ್ರಾನ್ಸಿಸ್ಟರ್, ಆಮೇಲೆ ಕಂಪ್ಯೂಟರ್, ಹೀಗೆ.

ಸಂಬಳಕ್ಕೆ ಹಣ ಎಲ್ಲಿಂದ? ಇದಕ್ಕೆ ಟರ್ಮನ್ ಒಂದು ದಾರಿ ಹಿಡಿದರು. ಹೊಸ ಪ್ರಾಧ್ಯಾಪಕರ ಸಂಬಳದ ಒಂದು ಭಾಗ, ಕೆಲವೊಮ್ಮೆ ಅರ್ಧದಷ್ಟು, ಅವರು ತರುವ ಸಂಶೋಧನಾ ಯೋಜನೆಯ ಹಣದಿಂದಲೇ ಬರಬೇಕು. ಆಗ ಒಬ್ಬರ ಸಂಬಳದಲ್ಲಿ ಇಬ್ಬರನ್ನು ಇಟ್ಟುಕೊಳ್ಳಬಹುದು. ಯೋಜನೆಯ ಹಣದ ದೊಡ್ಡ ಪಾಲು ಬರುತ್ತಿದ್ದದ್ದು ನೌಕಾಪಡೆ, ವಾಯುಪಡೆಗಳಿಂದ. ಈ ದಾರಿಯ ಇನ್ನೊಂದು ಮುಖ ಮುಂದೆ ಕಾಣಲಿತ್ತು.

ಜಾಗವನ್ನೂ ಬಿಡಲಿಲ್ಲ. ಸ್ಟ್ಯಾನ್‌ಫರ್ಡ್ ಬಳಿ 8,000 ಎಕರೆಗೂ ಹೆಚ್ಚು ಭೂಮಿಯಿತ್ತು. ಸ್ಥಾಪಕರ ಷರತ್ತಿನ ಪ್ರಕಾರ ಮಾರುವಂತಿಲ್ಲ. ಆದರೆ ಗುತ್ತಿಗೆಗೆ ಕೊಡಬಹುದಲ್ಲ! 1951ರಲ್ಲಿ ಸ್ಟ್ಯಾನ್‌ಫರ್ಡ್ ಇಂಡಸ್ಟ್ರಿಯಲ್ ಪಾರ್ಕ್ ಶುರುವಾಯಿತು. ಮೊದಲು ಬಂದದ್ದು ವೇರಿಯನ್ ಕಂಪನಿ, ಆಮೇಲೆ ಎಚ್‌ಪಿಯೂ ಬಂತು. 1954ರಿಂದ ಅಕ್ಕಪಕ್ಕದ ಕಂಪನಿಗಳ ಇಂಜಿನಿಯರುಗಳು ಕೆಲಸ ಮಾಡುತ್ತಲೇ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಪದವಿ ಓದುವ ವ್ಯವಸ್ಥೆಯಾಯಿತು. ಪ್ರಾಧ್ಯಾಪಕರಾಗಿ ಬರುವವರಿಗೆ ಇದೂ ಒಂದು ಆಕರ್ಷಣೆಯಾಯಿತು. ಕ್ಲಾಸಿನಿಂದ ಕಾರ್ಖಾನೆಗೆ ಸೈಕಲ್ ತುಳಿದು ಹೋಗುವಷ್ಟೇ ದೂರ.

ಮೇಷ್ಟ್ರನ್ನೇ ಶಿಷ್ಯನಾಗಿ ಕಳಿಸಿದಾಗ

ಟರ್ಮನ್ ಕಾಲದ ನೇಮಕಾತಿ ಹೇಗಿರುತ್ತಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಟ್ರಾನ್ಸಿಸ್ಟರ್ ಬಂದು ಕೆಲವೇ ವರ್ಷ ಆಗಿತ್ತು. ಅದು ಹುಟ್ಟಿದ ಬೆಲ್ ಲ್ಯಾಬ್ಸ್‌ನಿಂದಲೇ ಜಾನ್ ಲಿನ್ವಿಲ್ ಎಂಬ ಇಂಜಿನಿಯರ್ 1955ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಬಂದರು. ಅದೇ ಹೊತ್ತಿಗೆ ಟ್ರಾನ್ಸಿಸ್ಟರ್ ಕಂಡುಹಿಡಿದ ಮೂವರಲ್ಲಿ ಒಬ್ಬರಾದ ವಿಲಿಯಂ ಶಾಕ್ಲಿ ಸ್ವಂತ ಕಂಪನಿ ತೆರೆಯಲು ಹೊರಟಿದ್ದರು. ಸ್ಟ್ಯಾನ್‌ಫರ್ಡ್ ಹತ್ತಿರವೇ ಬನ್ನಿ ಎಂದು ಟರ್ಮನ್ ಒತ್ತಾಯಿಸಿದರು. ಶಾಕ್ಲಿ ಪಕ್ಕದ ಮೌಂಟನ್ ವ್ಯೂನಲ್ಲಿ ಪ್ರಯೋಗಾಲಯ ತೆರೆದರು.

ಸಿಲಿಕಾನ್ ಸಾಧನ ತಯಾರಿಸುವ ವಿದ್ಯೆ ಆಗ ಪುಸ್ತಕದಲ್ಲಿ ಸಿಗುತ್ತಿರಲಿಲ್ಲ, ಕೈಯಿಂದ ಕೈಗೆ ಕಲಿಯಬೇಕಿತ್ತು. 1957ರಲ್ಲಿ ಜೇಮ್ಸ್ ಗಿಬ್ಬನ್ಸ್ ಎಂಬ ಯುವಕನನ್ನು ಪ್ರಾಧ್ಯಾಪಕನಾಗಿ ಸೇರಿಸಿಕೊಂಡ ಸ್ಟ್ಯಾನ್‌ಫರ್ಡ್, ಅರ್ಧ ಹೊತ್ತು ಶಾಕ್ಲಿ ಬಳಿ ಹೋಗಿ ಕಲಿತು ಬಾ ಎಂದು ಕಳಿಸಿತು. ಗಿಬ್ಬನ್ಸ್ ಹೋಗಿ ಹೆಚ್ಚು ದಿನ ಆಗಿರಲಿಲ್ಲ, ಶಾಕ್ಲಿಯ ಸ್ವಭಾವ ತಾಳಲಾರದೆ ಎಂಟು ಮಂದಿ ಪ್ರತಿಭಾವಂತರು ಒಟ್ಟಿಗೆ ಕಂಪನಿ ಬಿಟ್ಟು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ಇಬ್ಬರು ಮುಂದೆ ಇಂಟೆಲ್ ಸ್ಥಾಪಿಸಿದರು. ಗಿಬ್ಬನ್ಸ್ ಮಾತ್ರ ವಿದ್ಯೆ ಕಲಿತು ಕ್ಯಾಂಪಸ್‌ಗೆ ಮರಳಿದರು. 1958ರಲ್ಲಿ ಸ್ಟ್ಯಾನ್‌ಫರ್ಡ್‌ನೊಳಗೇ ಸಿಲಿಕಾನ್ ಸಾಧನ ತಯಾರಾಯಿತು. ಅದೇ ಗಿಬ್ಬನ್ಸ್ 1984ರಲ್ಲಿ ಇಂಜಿನಿಯರಿಂಗ್ ಡೀನ್ ಆಗಿ, ಒಂದು ಕಾಲಕ್ಕೆ ಟರ್ಮನ್ ಕೂತಿದ್ದ ಕುರ್ಚಿಯಲ್ಲಿ ಕೂತರು.

ಸೊರಗಿದ್ದ ಏರೋನಾಟಿಕ್ಸ್ ವಿಭಾಗಕ್ಕೂ ಇದೇ ಮದ್ದು. 1957ರಲ್ಲಿ ಬ್ರೂಕ್ಲಿನ್‌ನಿಂದ ಹಂಗೇರಿ ಮೂಲದ ನಿಕೋಲಸ್ ಹಾಫ್, ಹತ್ತಿರದ ಏಮ್ಸ್ ಸಂಶೋಧನಾ ಕೇಂದ್ರದಿಂದ ವಾಲ್ಟರ್ ವಿನ್ಸೆಂಟಿ ಬಂದರು. ಅದೇ ವರ್ಷ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ವಿಭಾಗ ಎದ್ದು ಕೂತಿತು.

1955ರಲ್ಲಿ ಟರ್ಮನ್ ಪ್ರೊವೋಸ್ಟ್ ಆದರು. ಅಂದರೆ ಅಧ್ಯಕ್ಷರ ನಂತರ ಇಡೀ ವಿಶ್ವವಿದ್ಯಾಲಯದ ಓದುಬರಹದ ಹೊಣೆ ಹೊತ್ತವರು. 1965ರಲ್ಲಿ ನಿವೃತ್ತರಾಗುವವರೆಗೂ ಆ ಹುದ್ದೆಯಲ್ಲಿದ್ದರು. ಇಂಜಿನಿಯರಿಂಗ್‌ನಲ್ಲಿ ಫಲ ಕೊಟ್ಟ ಸೂತ್ರ ಬೇರೆ ವಿಭಾಗಗಳಿಗೂ ಹಬ್ಬಿತು. 1959ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಸೇಂಟ್ ಲೂಯಿಸ್‌ನಿಂದ ತಮ್ಮ ಸಹೋದ್ಯೋಗಿಗಳ ತಂಡವನ್ನೇ ಕಟ್ಟಿಕೊಂಡು ಬಂದರು. ಅದೇ ವರ್ಷ ಅವರಿಗೆ ನೊಬೆಲ್ ಬಂತು. ರಸಾಯನಶಾಸ್ತ್ರಕ್ಕೆ ವಿಲಿಯಂ ಜಾನ್ಸನ್, ಕಾರ್ಲ್ ಜೆರಾಸ್ಸಿ, ಪಾಲ್ ಫ್ಲೋರಿ, ಹೆನ್ರಿ ಟೌಬೆ ಒಬ್ಬರ ಹಿಂದೊಬ್ಬರು ಬಂದರು. ಫ್ಲೋರಿ, ಟೌಬೆ ಇಬ್ಬರಿಗೂ ಮುಂದೆ ನೊಬೆಲ್ ಸಂದಿತು.

ಪುಣೆಯಿಂದ ಹೋದ ಯುವಕ

ಈ ಕಥೆಯಲ್ಲಿ ನಮ್ಮ ದೇಶದವರೂ ಒಬ್ಬರಿದ್ದಾರೆ. ಪುಣೆಯಲ್ಲಿ ಹುಟ್ಟಿ, ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 1956ರಲ್ಲಿ ಟೆಲಿಕಮ್ಯೂನಿಕೇಶನ್ ಪದವಿ ಪಡೆದ ಥಾಮಸ್ ಕೈಲಾತ್. ಎಂಐಟಿಗೆ ಹೋಗಿ 1961ರಲ್ಲಿ ಡಾಕ್ಟರೇಟ್ ಪಡೆದರು. ಎಂಐಟಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಡಾಕ್ಟರೇಟ್ ಪಡೆದ ಭಾರತ ಮೂಲದ ಮೊದಲಿಗರು ಅವರು. 1963ರಲ್ಲಿ ಸ್ಟ್ಯಾನ್‌ಫರ್ಡ್ ಅವರನ್ನು ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು. ಆಗ ಅವರಿಗಿನ್ನೂ 30 ತುಂಬಿರಲಿಲ್ಲ, ಪ್ರೊವೋಸ್ಟ್ ಕುರ್ಚಿಯಲ್ಲಿ ಟರ್ಮನ್ ಇದ್ದರು.

ಕೈಲಾತ್ ಕೈಕೆಳಗೆ ಮುಂದೆ ಹತ್ತಾರು ಮಂದಿ ಪಿಎಚ್‌ಡಿ ಮಾಡಿ ಜಗತ್ತಿನ ನಾನಾ ಕಡೆ ಪ್ರಾಧ್ಯಾಪಕರಾದರು, ಕಂಪನಿ ಕಟ್ಟಿದರು. 2009ರಲ್ಲಿ ಭಾರತ ಸರ್ಕಾರ ಪದ್ಮಭೂಷಣ ಕೊಟ್ಟಿತು. ಒಬ್ಬ ಮೇಷ್ಟ್ರನ್ನು ಸರಿಯಾಗಿ ಆರಿಸಿದರೆ ಅದರ ಫಲ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಣ್ಣಿಗೆ ಬೀಳದವರು, ಕಣ್ಣು ತಪ್ಪಿಸಿದವರು

ಇಷ್ಟೇ ಹೇಳಿ ನಿಲ್ಲಿಸಿದರೆ ಕಥೆ ಅರ್ಧವಾಗುತ್ತದೆ.

ಟರ್ಮನ್ ಪ್ರತಿಭೆಯ ಬೇಟೆಗೆ ದೇಶವೆಲ್ಲ ಕಣ್ಣು ಹಾಯಿಸುತ್ತಿದ್ದ ಹೊತ್ತಿನಲ್ಲಿ, ಅವರದೇ ಅಂಗಳದಲ್ಲಿ ಇರ್ಮ್‌ಗಾರ್ಡ್ ಫ್ಲೂಗ್-ಲಾಟ್ಸ್ ಇದ್ದರು. ಜರ್ಮನಿಯ ಗೊಟಿಂಗನ್‌ನಲ್ಲಿ ವಿಮಾನದ ರೆಕ್ಕೆಯ ಉದ್ದಕ್ಕೂ ಮೇಲೆತ್ತುವ ಬಲ ಹೇಗೆ ಹಂಚಿಕೆಯಾಗುತ್ತದೆ ಎಂದು ಲೆಕ್ಕ ಹಾಕುವ ವಿಧಾನ ರೂಪಿಸಿ ಹೆಸರಾದವರು. ಆ ವಿಧಾನಕ್ಕೆ ಅವರದೇ ಹೆಸರಿದೆ. ಯುದ್ಧದ ನಂತರ ಗಂಡ ವಿಲ್ಹೆಲ್ಮ್ ಜೊತೆ ಸ್ಟ್ಯಾನ್‌ಫರ್ಡ್‌ಗೆ ಬಂದರು. ಗಂಡನಿಗೆ ಪ್ರಾಧ್ಯಾಪಕ ಹುದ್ದೆ. ಗಂಡ ಹೆಂಡತಿ ಇಬ್ಬರೂ ಒಂದೇ ಕಡೆ ಪ್ರಾಧ್ಯಾಪಕರಾಗುವಂತಿಲ್ಲ ಎಂಬ ಅಂದಿನ ನಿಯಮದ ಕಾರಣಕ್ಕೆ ಆಕೆಗೆ ಬರೀ ಲೆಕ್ಚರರ್ ಹುದ್ದೆ. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿದರು, ಹೊಸ ಕೋರ್ಸುಗಳನ್ನು ಕಟ್ಟಿದರು, ಸ್ವಯಂಚಾಲಿತ ನಿಯಂತ್ರಣದ ಬಗ್ಗೆ 1953ರಲ್ಲಿ ಪುಸ್ತಕ ತಂದರು. ಹುದ್ದೆ ಮಾತ್ರ ಬದಲಾಗಲಿಲ್ಲ.

1960ರಲ್ಲಿ ಮಾಸ್ಕೋದಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಅಮೆರಿಕದಿಂದ ಹೋದ ಏಕೈಕ ಮಹಿಳಾ ಪ್ರತಿನಿಧಿ ಅವರಾಗಿದ್ದರು. ಇಂಥವರು ಇನ್ನೂ ಲೆಕ್ಚರರ್ ಎಂಬುದು ಸ್ಟ್ಯಾನ್‌ಫರ್ಡ್‌ಗೇ ಮುಜುಗರವಾಯಿತು. ಆ ವರ್ಷ ಅವರು ಪೂರ್ಣ ಪ್ರಾಧ್ಯಾಪಕಿಯಾದರು. ಅಲ್ಲಿನ ಇಂಜಿನಿಯರಿಂಗ್ ಶಾಲೆಯ ಮೊದಲ ಮಹಿಳಾ ಪ್ರಾಧ್ಯಾಪಕಿ. ಆಗ ಅವರಿಗೆ ವಯಸ್ಸು 57. ಡೀನ್ ಆಗಿ, ಪ್ರೊವೋಸ್ಟ್ ಆಗಿ ಟರ್ಮನ್ ಎಷ್ಟೋ ಹೊಸ ದಾರಿ ತೆರೆದರು. ಈ ಒಂದು ಬಾಗಿಲು ಮಾತ್ರ ಹತ್ತಕ್ಕೂ ಹೆಚ್ಚು ವರ್ಷ ಮುಚ್ಚಿಯೇ ಇತ್ತು.

ಇನ್ನು ಶಾಕ್ಲಿ. ಕಂಪನಿ ಮುಳುಗುತ್ತಿದ್ದ ಹೊತ್ತಿನಲ್ಲಿ, 1963ರಲ್ಲಿ, ನೊಬೆಲ್ ವಿಜೇತ ಶಾಕ್ಲಿಯನ್ನು ಸ್ಟ್ಯಾನ್‌ಫರ್ಡ್ ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತು. ಪ್ರತಿಭೆಯೊಂದೇ ಅಳತೆಗೋಲಾದರೆ ಅದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ. ಕೆಲವೇ ವರ್ಷಗಳಲ್ಲಿ ಅವರು ಕಪ್ಪು ಜನಾಂಗದವರ ಬುದ್ಧಿ ಹುಟ್ಟಿನಿಂದಲೇ ಕಡಿಮೆ, ಐಕ್ಯೂ ಕಡಿಮೆಯಿರುವವರಿಗೆ ಹಣ ಕೊಟ್ಟು ಸಂತಾನಹರಣ ಮಾಡಿಸಬೇಕು ಎಂದೆಲ್ಲ ಪ್ರಚಾರಕ್ಕಿಳಿದರು. ವಿದ್ಯಾರ್ಥಿಗಳು ಪ್ರತಿಭಟಿಸಿದರು, ವಿಜ್ಞಾನಿಗಳು ಖಂಡಿಸಿದರು. ವಿಚಿತ್ರವೆಂದರೆ, ಬಾಲಕ ಶಾಕ್ಲಿಯನ್ನು ಫ್ರೆಡ್ ಅವರ ತಂದೆ ಲೂಯಿಸ್ ಟರ್ಮನ್ ಅವರ ಬುದ್ಧಿವಂತ ಮಕ್ಕಳ ಅಧ್ಯಯನಕ್ಕಾಗಿ ಪರೀಕ್ಷಿಸಲಾಗಿತ್ತು. ಐಕ್ಯೂ ಸಾಲದೆಂದು ಕೈಬಿಟ್ಟಿದ್ದರು. ತಂದೆಯ ಅಳತೆಗೆ ಸಿಗದ ಪ್ರತಿಭೆ ಮಗನ ವಿಶ್ವವಿದ್ಯಾಲಯಕ್ಕೆ ಸಿಕ್ಕಿತು. ಆ ಪ್ರತಿಭೆಯೊಳಗಿನ ವಿಷ ಮಾತ್ರ ಯಾವ ಅಳತೆಗೂ ಸಿಗಲಿಲ್ಲ.

ಸೇನೆಯ ಹಣದ ಬಿಸಿಯೂ ತಟ್ಟಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1969ರ ಏಪ್ರಿಲ್‌ನಲ್ಲಿ, ರಹಸ್ಯ ಸಂಶೋಧನೆ ನಡೆಯುತ್ತಿದ್ದ ಕ್ಯಾಂಪಸ್‌ನ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯವನ್ನು ವಿದ್ಯಾರ್ಥಿಗಳು ಒಂಬತ್ತು ದಿನ ಆಕ್ರಮಿಸಿಕೊಂಡು ಕೂತರು. ಕೊನೆಗೆ ವಿಶ್ವವಿದ್ಯಾಲಯ ರಹಸ್ಯ ಸಂಶೋಧನೆಗೆ ತೆರೆ ಎಳೆಯಿತು. ಎಷ್ಟು ಪಿಎಚ್‌ಡಿ, ಎಷ್ಟು ಹಣ ಎಂದು ಅಂಕಿಯಲ್ಲೇ ವಿಭಾಗಗಳನ್ನು ತೂಗುತ್ತಿದ್ದ ಟರ್ಮನ್ ಲೆಕ್ಕದಲ್ಲಿ ಸಾಹಿತ್ಯ, ಪ್ರಾಚೀನ ಭಾಷೆಯಂಥ ವಿಷಯಗಳಿಗೆ ಅನ್ಯಾಯವಾಯಿತು ಎಂದು ಇತಿಹಾಸಕಾರರು ಟೀಕಿಸಿದ್ದಾರೆ.

ಕೊರಿಯಾಕ್ಕೂ ಹೋದ ಸೂತ್ರ

ನಿವೃತ್ತಿಯ ನಂತರವೂ ಟರ್ಮನ್ ಸಲಹೆಗೆ ಬೇಡಿಕೆಯಿತ್ತು. 1970ರಲ್ಲಿ ದಕ್ಷಿಣ ಕೊರಿಯಾದಲ್ಲಿ ಹೊಸ ತಂತ್ರಜ್ಞಾನ ಸಂಸ್ಥೆ ಹೇಗಿರಬೇಕು ಎಂದು ಪರಿಶೀಲಿಸಿದ ಅಮೆರಿಕದ ತಂಡಕ್ಕೆ ಅವರೇ ಮುಖ್ಯಸ್ಥರು. ಪ್ರತಿಭಾವಂತರು ವಿದೇಶಕ್ಕೆ ಹೋಗಿ ಅಲ್ಲೇ ಉಳಿಯುತ್ತಿದ್ದದ್ದು ಆಗ ಕೊರಿಯಾದ ಚಿಂತೆಯಾಗಿತ್ತು. ಸ್ಟ್ಯಾನ್‌ಫರ್ಡ್ ಹುಡುಗರು ಪೂರ್ವಕ್ಕೆ ರೈಲು ಹತ್ತುವುದನ್ನು ಕಂಡಿದ್ದ ಟರ್ಮನ್‌ಗೆ ಅದು ಹಳೆಯ ಕಥೆಯೇ. ಮರುವರ್ಷ ಹುಟ್ಟಿದ ಆ ಸಂಸ್ಥೆಯೇ ಮುಂದೆ ಕೈಸ್ಟ್ ಎಂದು ಹೆಸರಾಯಿತು.

ಟರ್ಮನ್ 1982ರ ಡಿಸೆಂಬರ್ 19ರಂದು ತೀರಿಕೊಂಡರು. ಅದಕ್ಕೂ ಮೊದಲೇ, 1977ರಲ್ಲಿ, ಶಿಷ್ಯರಾದ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಕೊಟ್ಟ ಹಣದಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಹೆಸರಿನ ಇಂಜಿನಿಯರಿಂಗ್ ಕಟ್ಟಡ ಎದ್ದಿತ್ತು. ಹೊಸ ಕಟ್ಟಡಗಳು ಬಂದ ಮೇಲೆ ಅದನ್ನು ಕೆಡವಿದರು. ಪಾಲೊ ಆಲ್ಟೊದಲ್ಲಿ ತಂದೆ ಮಗ ಇಬ್ಬರ ಹೆಸರನ್ನೂ ಹೊತ್ತಿದ್ದ ಟರ್ಮನ್ ಶಾಲೆಯ ಹೆಸರು 2018ರಲ್ಲಿ ಬದಲಾಯಿತು. ಮನುಷ್ಯರಲ್ಲಿ ಮೇಲು ಕೀಳು ತಳಿಗಳಿವೆ ಎಂದು ಲೂಯಿಸ್ ಟರ್ಮನ್ ಮಾಡಿದ್ದ ವಾದವೇ ಅದಕ್ಕೆ ಕಾರಣ.

ನಮ್ಮ ಐಐಟಿ, ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರ ಹುದ್ದೆ ಖಾಲಿ ಬಿದ್ದಿರುವ ಸುದ್ದಿಯನ್ನು ಆಗಾಗ ಓದುತ್ತಲೇ ಇರುತ್ತೇವೆ. ಖಾಲಿ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತೇವೆ, ಯಾರನ್ನು ಬಾಗಿಲ ಹೊರಗೆ ನಿಲ್ಲಿಸುತ್ತೇವೆ ಎಂಬುದರ ಮೇಲೆ ಮುಂದಿನ 50 ವರ್ಷ ನಿಂತಿರುತ್ತದೆ. ಟರ್ಮನ್ ಬದುಕು ಎರಡನ್ನೂ ತೋರಿಸಿತು. ಕಟ್ಟಡ ಹೋಯಿತು, ಶಾಲೆಯ ಬೋರ್ಡೂ ಹೋಯಿತು. ಅವರ ಕಾಲದಲ್ಲಿ ಬಂದ ಮೇಷ್ಟ್ರುಗಳ ಶಿಷ್ಯರು, ಆ ಶಿಷ್ಯರ ಶಿಷ್ಯರು ಮಾತ್ರ ಇಂದಿಗೂ ಎಲ್ಲೆಲ್ಲೋ ಪಾಠ ಮಾಡುತ್ತಿದ್ದಾರೆ.